‘ಹಿಂದಿನ’ ಎಂಬ ವಿಶೇಷಣ: ಐದು ತಾಲ್ಲೂಕುಗಳ ಕಾಗದಪತ್ರಗಳಲ್ಲಿ ‘ಅರ್ಸ್ಟ್‌ವೈಲ್’



ದತ್ತಿ ಉಪನ್ಯಾಸಕ್ಕೆ ದೊಡ್ಡ ವಿಷಯ ಆರಿಸಿಕೊಳ್ಳುವುದು ರೂಢಿ. ನಾನು ಒಂದೇ ಒಂದು ಇಂಗ್ಲಿಷ್ ವಿಶೇಷಣವನ್ನು ಎತ್ತಿಕೊಂಡಿದ್ದೇನೆ: ‘ಅರ್ಸ್ಟ್‌ವೈಲ್’. ನಿಘಂಟು ತೆರೆದರೆ ‘ಹಿಂದಿನ, ಮಾಜಿ’ ಎಂದು ಒಂದು ಸಾಲಿನಲ್ಲಿ ಮುಗಿಯುತ್ತದೆ. ಅಷ್ಟಕ್ಕೆ ಒಂದು ಗಂಟೆಯ ಉಪನ್ಯಾಸವೇ ಎಂದು ಯಾರಾದರೂ ಕೇಳಬಹುದು. ಬೇರೆ ಜಿಲ್ಲೆಯಲ್ಲಿ ಬೇಕಾಗುತ್ತಿರಲಿಲ್ಲವೇನೋ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ನಮ್ಮ ಐದು ತಾಲ್ಲೂಕುಗಳಲ್ಲಿ ಮಾತ್ರ ಈ ಪದ ತಹಸೀಲ್ದಾರ್ ಕಚೇರಿಯ ಟಪಾಲಿನಲ್ಲಿ, ನೇಮಕಾತಿಯ ಅರ್ಜಿಯಲ್ಲಿ, ಪತ್ರಿಕೆಯ ವರದಿಯಲ್ಲಿ ಇಂಗ್ಲಿಷಿನಲ್ಲೋ ಕನ್ನಡದಲ್ಲೋ ದಿನವೂ ಓಡಾಡುತ್ತಿದೆ. ಅದನ್ನು ಸರಿಯಾಗಿ ಬಳಸಿದರೆ ಒಬ್ಬ ಹುಡುಗಿಗೆ ನೌಕರಿ ಸಿಗಬಹುದು, ತಪ್ಪಾಗಿ ಬಳಸಿದರೆ ಅರ್ಜಿ ವಾಪಸು ಬರಬಹುದು.

ಮೊದಲು ಆ ಪದ ಇಂಗ್ಲಿಷಿನಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಆಮೇಲೆ ಕನ್ನಡದಲ್ಲಿ ಅದರ ಜಾಗದಲ್ಲಿ ನಿಲ್ಲುವ ಮಾತುಗಳು. ಮೂರನೆಯದಾಗಿ ನಮ್ಮ ಸೀಮೆಯಲ್ಲಿ ‘ಹಿಂದಿನದು’ ಆದ ಜಿಲ್ಲೆ, ಕ್ಷೇತ್ರ, ಊರುಗಳ ಕತೆ. ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ. ಕೊನೆಯಲ್ಲಿ ಹಕ್ಕು ಮತ್ತು ಅರ್ಜಿಗಳ ಮಾತು.

ಪದದಿಂದ ಆರಂಭಿಸೋಣ. ‘ಅರ್ಸ್ಟ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಎಲ್ಲಕ್ಕೂ ಮೊದಲು. ‘ವೈಲ್’ ಎಂದರೆ ಹೊತ್ತು. ಎರಡೂ ಸೇರಿ ಶತಮಾನಗಳ ಕಾಲ ‘ಹಿಂದೊಮ್ಮೆ’ ಎಂಬ ಅರ್ಥದ ಕ್ರಿಯಾವಿಶೇಷಣವಾಗಿ ಬಾಳಿದವು. ನಾಮಪದದ ಹಿಂದೆ ನಿಂತು ವಿಶೇಷಣವಾದದ್ದು ಬಹಳ ಈಚೆಗೆ. ಇಂಗ್ಲೆಂಡಿನಲ್ಲಿ ಇವತ್ತು ಅದಕ್ಕೆ ಸ್ವಲ್ಪ ಪುಸ್ತಕದ ವಾಸನೆ ಇದೆ. ಮಾತಿನಲ್ಲಿ ಅವರು ‘ಫಾರ್ಮರ್’ ಎನ್ನುತ್ತಾರೆ. ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲಿ ಮಾತ್ರ ‘ಅರ್ಸ್ಟ್‌ವೈಲ್’ ದಿನನಿತ್ಯದ ಮಾತು. ಇದಕ್ಕೆ ನನಗೆ ತೋರುವ ಕಾರಣ ಸರಳ. 1947ರ ನಂತರ ನಮ್ಮಲ್ಲಿ ಇಲ್ಲವಾದವುಗಳ ಪಟ್ಟಿ ದೊಡ್ಡದು: ಐನೂರಕ್ಕೂ ಹೆಚ್ಚು ಸಂಸ್ಥಾನಗಳು, ಪ್ರಾಂತ್ಯಗಳು, ಜಮೀನ್ದಾರಿಗಳು, ಇನಾಮುಗಳು. ಅವು ಹೋದರೂ ಅವುಗಳ ಕಾಲದ ಪಟ್ಟಾ, ಪಿಂಚಣಿ, ವ್ಯಾಜ್ಯ ಹೋಗಲಿಲ್ಲ. ಗುಮಾಸ್ತನಿಗೆ ಒಂದು ಗಂಭೀರವಾದ ಪದ ಬೇಕಾಗಿತ್ತು, ಇದು ಸಿಕ್ಕಿತು.

ನಮ್ಮ ಪಕ್ಕದ ಸಂಡೂರನ್ನೇ ನೋಡಿ. ಘೋರ್ಪಡೆ ಮನೆತನದ ಆ ಸಂಸ್ಥಾನ 1949ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನವಾಯಿತು. ಇವತ್ತು ‘ಹಿಂದಿನ ಸಂಡೂರು ಸಂಸ್ಥಾನ’ ಎಂದರೆ ಯಾರಿಗೂ ಗೊಂದಲವಿಲ್ಲ. ಸಂಸ್ಥಾನ ಒಂದು ದಿನ ಇತ್ತು, ಒಂದು ದಿನ ಮುಗಿಯಿತು, ಸಂಡೂರು ಎಂಬ ಊರು ಉಳಿಯಿತು. ಈ ಪದಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ಸುತ್ತಮುತ್ತ ಸಿಗದು.

ಇದರ ನೆಂಟರ ಪೈಕಿ ‘ಲೇಟ್’ ಎಂಬುದೊಂದು ನಮ್ಮ ಕನ್ನಡಕ್ಕೇ ಬಂದು ಸೇರಿಬಿಟ್ಟಿದೆ. ‘ಕೊಟ್ರಪ್ಪ ತಂದೆ ಲೇಟ್ ಬಸಪ್ಪ’ ಎಂದು ಪಹಣಿಯ ಅರ್ಜಿಯಲ್ಲಿ ಬರೆಯುತ್ತೇವೆ, ಇಂಗ್ಲಿಷ್ ಬರೆಯುತ್ತಿದ್ದೇವೆ ಎಂಬ ಎಚ್ಚರವೂ ಇರುವುದಿಲ್ಲ. ‘ಲೇಟ್’ ಸತ್ತವರಿಗೆ, ‘ಎಕ್ಸ್’ ಹುದ್ದೆ ಬಿಟ್ಟವರಿಗೆ, ‘ಅರ್ಸ್ಟ್‌ವೈಲ್’ ಹೆಚ್ಚಾಗಿ ಸಂಸ್ಥೆ, ಸೀಮೆ, ರಾಜ್ಯಗಳಿಗೆ. ಇಷ್ಟು ತಿಳಿದಿದ್ದರೆ ಇಂಗ್ಲಿಷಿನ ಪಾಠ ಸಾಕು.

ಇನ್ನು ಎರಡನೆಯ ಭಾಗ, ಕನ್ನಡದ ಮಾತುಗಳು. ‘ಮಾಜಿ’ ಅರಬ್ಬಿಯಿಂದ ಬಂದದ್ದು. ಅದು ಮನುಷ್ಯರಿಗೆ, ಅದರಲ್ಲೂ ಹುದ್ದೆಗೆ ಅಂಟಿಕೊಂಡಿದೆ: ಮಾಜಿ ಶಾಸಕ, ಮಾಜಿ ಸೈನಿಕ. ಮಾಜಿ ಜಿಲ್ಲೆ, ಮಾಜಿ ಕೆರೆ ಎಂದು ಯಾರೂ ಅನ್ನುವುದಿಲ್ಲ. ‘ಹಳೇ’ ಎಂಬುದು ಇನ್ನೂ ಬದುಕಿರುವುದಕ್ಕೂ ಸಲ್ಲುತ್ತದೆ: ಹಳೇ ಮೈಸೂರು, ಹಳೇ ಬಸ್ ಸ್ಟ್ಯಾಂಡ್. ‘ಅಂದಿನ’, ‘ಆಗಿನ’ ಎಂಬ ಮಾತುಗಳು ಘಟನೆಯ ಕಾಲದಲ್ಲಿ ನಿಂತು ನೋಡುತ್ತವೆ. ‘ಅಂದಿನ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದರು’ ಎಂದರೆ ಹುಟ್ಟಿದ ದಿನ ಅಲ್ಲಿ ಏನಿತ್ತೋ ಅದು. ‘ಹಿಂದಿನ’ ಎಂಬುದು ಇವತ್ತಿನಲ್ಲಿ ನಿಂತು ಬೆನ್ನ ಕಡೆಗೆ ನೋಡುತ್ತದೆ. ತೊಡಕು ಇಲ್ಲಿಯೇ ಇದೆ. ‘ಹಿಂದಿನ ಜಿಲ್ಲಾಧಿಕಾರಿ’ ಎಂದರೆ ಈಗಿನವರಿಗಿಂತ ಮುಂಚೆ ಇದ್ದವರು ಒಬ್ಬರೇ. ‘ಹಿಂದಿನ ಜಿಲ್ಲಾಧಿಕಾರಿಗಳು’ ಎಂದು ಗೌರವಕ್ಕೆ ಬಹುವಚನ ಹಚ್ಚಿದಿರೋ, ಕಂಪನಿ ಕಾಲದ ಮೊದಲ ಕಲೆಕ್ಟರ್ ಥಾಮಸ್ ಮನ್ರೋ ತನಕ ಎಲ್ಲರೂ ಎದ್ದು ನಿಲ್ಲುತ್ತಾರೆ!

ಈ ತೊಡಕು ಬರೀ ವ್ಯಾಕರಣದ್ದಲ್ಲ. ಹರಪನಹಳ್ಳಿಯ ಒಬ್ಬರನ್ನು ‘ನಿಮ್ಮ ಹಿಂದಿನ ಜಿಲ್ಲೆ ಯಾವುದು’ ಎಂದು ಕೇಳಿ. ಇಪ್ಪತ್ತರ ಹುಡುಗ ದಾವಣಗೆರೆ ಎನ್ನುತ್ತಾನೆ. ಕಾಗದದ ಲೆಕ್ಕ ಬಲ್ಲವರು ಬಳ್ಳಾರಿ ಎನ್ನುತ್ತಾರೆ, ಏಕೆಂದರೆ ಈಗಿನ ವಿಜಯನಗರ ಜಿಲ್ಲೆಗೆ ಸೇರುವ ಮುನ್ನ ಎರಡು ಮೂರು ವರ್ಷ ತಾಲ್ಲೂಕು ಮತ್ತೆ ಬಳ್ಳಾರಿಯಲ್ಲಿತ್ತು. ಎಪ್ಪತ್ತರ ಅಜ್ಜನೂ ಬಳ್ಳಾರಿ ಎಂದೇ ಹೇಳುತ್ತಾನೆ, ಆದರೆ ಅವನ ಮನಸ್ಸಿನಲ್ಲಿರುವುದು 1997ಕ್ಕಿಂತ ಹಿಂದಿನ ಬಳ್ಳಾರಿ. ಮೂವರೂ ಸರಿ.

ಇಲ್ಲಿಂದ ಮೂರನೆಯ ಭಾಗಕ್ಕೆ ಬರುತ್ತೇನೆ. ನಮ್ಮಲ್ಲಿ ‘ಹಿಂದಿನದು’ ಆಗುವುದು ಒಂದೇ ಬಗೆಯಲ್ಲಿ ಅಲ್ಲ. ಗಡಿ ಸರಿದು ಆಗಿದೆ, ಹೆಸರು ಹೋಗಿ ಆಗಿದೆ, ಊರೇ ಹೋಗಿ ಆಗಿದೆ.

ಗಡಿಯದು ಎಲ್ಲಕ್ಕಿಂತ ಉದ್ದದ ಕತೆ. ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ಸಿಕ್ಕ ಈ ಸೀಮೆಯನ್ನು ನಿಜಾಮ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅದಕ್ಕೇ ‘ದತ್ತ ಮಂಡಲ’ ಎಂಬ ಹೆಸರು ಬಂತು. ಅದರ ಮೊದಲ ಪ್ರಧಾನ ಕಲೆಕ್ಟರ್ ಆಗಿ ಬಂದವನು ಮನ್ರೋ. ನಮ್ಮ ಕೊಟ್ಟೂರಿನವರೇ ಆದ ಕುಂ. ವೀರಭದ್ರಪ್ಪನವರ ‘ಅರಮನೆ’ ಕಾದಂಬರಿಯಲ್ಲಿ ಆ ಕಾಲ ಮತ್ತು ಆ ಮನ್ರೋ ಹೇಗೆ ಬಂದಿದ್ದಾರೆ ಎಂಬುದನ್ನು ವಿದ್ಯಾರ್ಥಿಗಳು ಓದಿಯೇ ನೋಡಬೇಕು. 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಕ್ಕೇ. ದತ್ತ ಮಂಡಲ ಒಡೆದು ಬಳ್ಳಾರಿ ಜಿಲ್ಲೆಯಾಯಿತು. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಬೇರೆಯಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು, ಉಳಿದವು ಮೈಸೂರಿಗೆ ಬಂದವು. ಬಳ್ಳಾರಿ ತಾಲ್ಲೂಕಿನ ಮೇಲೆ ದೊಡ್ಡ ಜಗ್ಗಾಟ ನಡೆದು ನ್ಯಾಯಮೂರ್ತಿ ಮಿಶ್ರಾ ಅವರ ವರದಿ ಬೇಕಾಯಿತು. ನಮ್ಮ ಪಶ್ಚಿಮದ ತಾಲ್ಲೂಕುಗಳ ವಿಷಯದಲ್ಲಿ ತಕರಾರೇ ಇರಲಿಲ್ಲ.

ಅಲ್ಲಿಂದ ಮುಂದಿನದು ನಮ್ಮ ಕಣ್ಣೆದುರಿಗೇ ನಡೆದದ್ದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿ ಅಲ್ಲಿಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. ಅದೇ ವರ್ಷದ ಆರಂಭದಲ್ಲಿ ಕೂಡ್ಲಿಗಿಯಿಂದ ಬೇರ್ಪಟ್ಟು ಕೊಟ್ಟೂರು ತಾಲ್ಲೂಕಾಯಿತು. 2021ರ ಫೆಬ್ರುವರಿಯಲ್ಲಿ ವಿಜಯನಗರ ಜಿಲ್ಲೆಯ ಅಧಿಸೂಚನೆ ಹೊರಬಿತ್ತು. ಅಕ್ಟೋಬರ್ 2ರಂದು ಹೊಸಪೇಟೆಯಲ್ಲಿ ಉದ್ಘಾಟನೆಯಾಯಿತು. ರಾಜ್ಯದ 31ನೆಯ ಜಿಲ್ಲೆ ಅದು. ಹೊಸಪೇಟೆಯೊಂದಿಗೆ ನಮ್ಮ ಐದೂ ತಾಲ್ಲೂಕು ಅದರೊಳಗೆ ಬಂದವು.

ಇದನ್ನು ಒಂದು ಮನೆಯ ಟ್ರಂಕಿನೊಳಗೆ ನೋಡಿದರೆ ಚೆನ್ನಾಗಿ ತಿಳಿಯುತ್ತದೆ. ಹರಪನಹಳ್ಳಿಯ ಹಳೆಯ ಒಕ್ಕಲುತನದ ಮನೆ ಯಾವುದಾದರೂ ಆಗಲಿ. ತಳದಲ್ಲಿ ಮುತ್ತಜ್ಜನ ಕ್ರಯಪತ್ರ, ಕರಣಂ ಸಹಿ, ‘ಮದ್ರಾಸ್ ಪ್ರಾಂತ್ಯ, ಬಳ್ಳಾರಿ ಜಿಲ್ಲೆ’. ಮೈಸೂರು ಕಡೆ ಶಾನುಭೋಗ ಎನ್ನುವವನನ್ನು ನಮ್ಮ ಕಡೆ ಕರಣಂ ಎನ್ನುತ್ತಿದ್ದುದೂ ಆ ಮದ್ರಾಸಿನ ಗುರುತೇ. ಅದರ ಮೇಲೆ ಅಜ್ಜನ ಶಾಲೆಯ ಟಿ.ಸಿ., ‘ಮೈಸೂರು ರಾಜ್ಯ, ಬಳ್ಳಾರಿ ಜಿಲ್ಲೆ’. ಅಪ್ಪನ ಮಾರ್ಕ್ಸ್ ಕಾರ್ಡ್ ‘ಕರ್ನಾಟಕ, ಬಳ್ಳಾರಿ’. ಅಕ್ಕನ ಜಾತಿ ಪ್ರಮಾಣಪತ್ರ ‘ದಾವಣಗೆರೆ ಜಿಲ್ಲೆ’. ತಮ್ಮನದು ‘ಬಳ್ಳಾರಿ ಜಿಲ್ಲೆ’. ಮೊಮ್ಮಗಳ ಜನನ ಪತ್ರ ‘ವಿಜಯನಗರ ಜಿಲ್ಲೆ’. ಅಂಗಳದಲ್ಲಿ ನಿಂತ ಹಳೆಯ ಬೈಕಿನ ನಂಬರು ಕೆಎ 17, ಹೊಸದರದು ಕೆಎ 35. ಇಷ್ಟಾದರೂ ಆ ಮನೆ ಇದ್ದಲ್ಲಿಯೇ ಇದೆ, ಹೊಲವೂ ಇದ್ದಲ್ಲಿಯೇ ಇದೆ.

ಈ ಮನೆಯವರು ‘ಹಿಂದಿನ ಬಳ್ಳಾರಿ ಜಿಲ್ಲೆ’ ಎಂದು ಬರೆಯಬಹುದೆ? ನನ್ನ ಅಭಿಪ್ರಾಯದಲ್ಲಿ ಬರೆಯಬಾರದು. ಸಂಡೂರು ಸಂಸ್ಥಾನ ಮುಗಿದಂತೆ ಬಳ್ಳಾರಿ ಜಿಲ್ಲೆ ಮುಗಿದಿಲ್ಲ. ಅಲ್ಲಿ ಜಿಲ್ಲಾಧಿಕಾರಿ ಇದ್ದಾರೆ, ಐದು ತಾಲ್ಲೂಕುಗಳಿವೆ, ಅದು ದಿವ್ಯವಾಗಿ ನಡೆಯುತ್ತಿದೆ. ಮುಗಿದದ್ದು ಅದರ ಹಳೆಯ ಎಲ್ಲೆ. ಕನ್ನಡ ಪತ್ರಕರ್ತರು ಇದನ್ನು ಇಂಗ್ಲಿಷಿನವರಿಗಿಂತ ಚೆನ್ನಾಗಿ ಗ್ರಹಿಸಿದ್ದಾರೆ, ‘ಅವಿಭಜಿತ ಬಳ್ಳಾರಿ ಜಿಲ್ಲೆ’, ‘ಅಖಂಡ ಬಳ್ಳಾರಿ ಜಿಲ್ಲೆ’ ಎನ್ನುತ್ತಾರೆ. ಅದರಲ್ಲೂ ಒಂದು ಕೊರತೆ ಇದೆ. ಯಾವ ವಿಭಜನೆಗೆ ಮುಂಚಿನ ಬಳ್ಳಾರಿ? 2021ರದೋ, 1997ರದೋ, 1953ರದೋ? ಆದೋನಿಯವರು ‘ಅಖಂಡ ಬಳ್ಳಾರಿ’ ಎಂದರೆ ಅವರ ಲೆಕ್ಕವೇ ಬೇರೆ.

ಸಂಶೋಧನೆಯ ವಿದ್ಯಾರ್ಥಿಗಳಿಗೆ ಈ ಗಡಿ ಸರಿದಾಟ ದಿನದ ತಲೆನೋವು. ನಮ್ಮ ಭಾಗದ ಶಾಸನಗಳು ಬಹುಪಾಲು ಅಚ್ಚಾಗಿರುವುದು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟದಲ್ಲಿ. ಆ ಸಂಪುಟಕ್ಕೆ ಇಟ್ಟ ಹೆಸರೇ ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳು ಎಂದು. ಕೋಗಳಿಯನ್ನು ಹುಡುಕಬೇಕಾದರೆ ಅಂಥ ಹಳೆಯ ಪುಸ್ತಕಗಳಲ್ಲಿ ಹಡಗಲಿ ತಾಲ್ಲೂಕಿನ ಕೆಳಗೆ ನೋಡಬೇಕು, ನೆಲದ ಮೇಲೆ ಅದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿದೆ. ಉಜ್ಜಿನಿಯ ಮಠ ಹಳೆಯ ಪುಸ್ತಕಗಳಲ್ಲಿ ಕೂಡ್ಲಿಗಿ ತಾಲ್ಲೂಕು, ಈಗ ಕೊಟ್ಟೂರು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹೆಸರನ್ನು ಐವತ್ತು ಅರವತ್ತರ ದಶಕದ ದಾಖಲೆಗಳಲ್ಲಿ ಹುಡುಕಿದರೆ ಸಿಗುವುದು ‘ಮಲ್ಲಾಪುರಂ’.

ಇಲ್ಲೊಂದು ಮಾತನ್ನು ಪಕ್ಕಕ್ಕಿಟ್ಟು ಹೇಳುತ್ತೇನೆ. ಕೋಗಳಿ ಒಂದು ಕಾಲಕ್ಕೆ ನಾಡಿನ ಕೇಂದ್ರ. ‘ಕೋಗಳಿ ಐನೂರು’ ಎಂದು ಶಾಸನಗಳಲ್ಲಿ ಬರುತ್ತದೆ. ಅದು ನೊಳಂಬವಾಡಿ ಮೂವತ್ತೆರಡು ಸಾವಿರದ ಒಳಗಿನ ಸೀಮೆ. ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನಗಳನ್ನು ಓದಿದವರಿಗೆ ಗೊತ್ತು, ಶಕವರ್ಷ, ಸಂವತ್ಸರ, ಆಳುವ ಅರಸ, ಅವನ ಕೈಕೆಳಗಿನ ಮಾಂಡಳಿಕ, ನಾಡು, ಊರು ಎಂದು ಕಲ್ಲುಕುಟಿಗ ಒಂದರ ಕೆಳಗೊಂದು ಕಂಡರಿಸುತ್ತಾನೆ. ಇಂದು ನಮಗೆ ಆ ನಾಡು ಇಲ್ಲ, ಅರಸನಿಲ್ಲ, ಆದರೂ ಯಾರ ಭೂಮಿ, ಯಾವ ವರ್ಷ ಎಂಬುದರಲ್ಲಿ ಸಂಶಯವಿಲ್ಲ. ‘ಹಿಂದಿನ’ ಎಂಬ ಪದದ ಸಹಾಯ ಇಲ್ಲದೆಯೇ ಅವನು ಕೆಲಸ ಮುಗಿಸಿದ್ದಾನೆ.

ಗಡಿಯ ಮಾತು ಸಾಕು, ಹೆಸರಿನದಕ್ಕೆ ಬರೋಣ. ಇದು ಚಿಕ್ಕದು. ಕೊಟ್ಟೂರು ಎಂಬ ವಿಧಾನಸಭಾ ಕ್ಷೇತ್ರ ದಶಕಗಳ ಕಾಲ ಇತ್ತು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅದು ಹೋಗಿ ಹಗರಿಬೊಮ್ಮನಹಳ್ಳಿ ಕ್ಷೇತ್ರ ಬಂತು. ‘ಹಿಂದಿನ ಕೊಟ್ಟೂರು ಕ್ಷೇತ್ರ’ ಎಂಬುದು ಸಂಡೂರಿನಷ್ಟೇ ಶುದ್ಧ ಪ್ರಯೋಗ. ಹೈದರಾಬಾದ್ ಕರ್ನಾಟಕ 2019ರ ಸೆಪ್ಟೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಆಯಿತು. ಅಲ್ಲಿ ಹೋದದ್ದು ಹೆಸರು ಮಾತ್ರ. ಬೆಲ್ಲರಿ ಎಂಬ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಿಂದ ಬಳ್ಳಾರಿ ಆಯಿತು. ಅದನ್ನು ಹಿಡಿದು ‘ಅರ್ಸ್ಟ್‌ವೈಲ್ ಬೆಲ್ಲರಿ’ ಎನ್ನುವವರಿದ್ದಾರೆ, ಅದಕ್ಕೆ ಅರ್ಥವಿಲ್ಲ. ಹಡಗಲಿಯ ಹಳೆಯ ಹೆಸರು ‘ಪೂವಿನ ಪಡಂಗಿಲೆ’. ಹಳಗನ್ನಡದ ಪಕಾರ ಹಕಾರವಾಗಿ ಅದೇ ಹೂವಿನಹಡಗಲಿ ಆಗಿದೆ.  ಆ ಹೆಸರನ್ನು ‘ಹಿಂದಿನ’ ಎನ್ನಲು ನನಗೆ ನಾಲಗೆ ಬಾರದು. ಅದು ಸವೆದಿದೆ, ಅಷ್ಟೆ.

ಇನ್ನು ಊರೇ ಹೋದ ಸಂಗತಿ. ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಾಗ ನಾರಾಯಣದೇವರಕೆರೆ ಮುಳುಗಿತು. ಅದು ಸಾಮಾನ್ಯ ಊರಲ್ಲ. ಹರಪನಹಳ್ಳಿ ಭೀಮವ್ವ ಎಂದು ನಾವು ಹೆಮ್ಮೆಯಿಂದ ಹೇಳುವ ಹರಿದಾಸಿ 1823ರಲ್ಲಿ ಹುಟ್ಟಿದ್ದು ಅಲ್ಲಿ. ನಮ್ಮ ಊರಿನ ಸೊಸೆಯಾಗಿ ಬಂದದ್ದರಿಂದ ನಮ್ಮ ಊರಿನ ಹೆಸರು ಪಡೆದರು. ಉಪಮುಖ್ಯಮಂತ್ರಿಯಾಗಿದ್ದ, ಹಡಗಲಿಯಲ್ಲಿ ‘ರಂಗಭಾರತಿ’ ಕಟ್ಟಿದ ಎಂ.ಪಿ. ಪ್ರಕಾಶ್ 1940ರಲ್ಲಿ ಹುಟ್ಟಿದ್ದೂ ಅದೇ ಊರಿನಲ್ಲಿ. ಜನ ಮರಿಯಮ್ಮನಹಳ್ಳಿಗೂ ಸುತ್ತಲ ಊರುಗಳಿಗೂ ಎದ್ದು ಬಂದರು. ಅವರ ಜೊತೆಗೆ ನಾಟಕದ ಹುಚ್ಚೂ ಬಂತು, ಮರಿಯಮ್ಮನಹಳ್ಳಿ ಇಂದಿಗೂ ಕಲಾವಿದರ ಊರು.

ನಾರಾಯಣದೇವರಕೆರೆಗೆ ಯಾವ ವಿಶೇಷಣ ಹಚ್ಚುವುದು? ‘ಹಿಂದಿನ ನಾರಾಯಣದೇವರಕೆರೆ’ ಎಂದರೆ ಈಗಿನದೊಂದು ಇದೆ ಎಂದಾಗುತ್ತದೆ. ‘ಲೇಟ್’ ಎನ್ನಲಾಗದು. ನಮ್ಮ ಹಿರಿಯರು ‘ಮುಳುಗಿದ ಊರು’ ಎನ್ನುತ್ತಾರೆ. ‘ಅವರು ಮುಳುಗಡೆಯವರು’ ಎಂದು ಮನೆತನವನ್ನು ಗುರುತಿಸುತ್ತಾರೆ. ಏನಾಯಿತೆಂಬುದು ಆ ಮಾತಿನೊಳಗೇ ಇದೆ. ಇಂಗ್ಲಿಷಿನ ಗಂಭೀರ ವಿಶೇಷಣ ಇಲ್ಲಿ ಕೈಚೆಲ್ಲುತ್ತದೆ.

ಕೊನೆಯ ಭಾಗ, ಹಕ್ಕಿನ ಮಾತು. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಬೇಕು. ಸಂವಿಧಾನದ 371(ಜೆ) ವಿಧಿಗೆ 2012ರ ಕೊನೆಯಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಬೀದರ್, ಗುಲಬರ್ಗಾ, ಯಾದಗಿರಿ, ರಾಯಚೂರು, ಕೊಪ್ಪಳಗಳ ಜೊತೆಗೆ ಬಳ್ಳಾರಿ ಜಿಲ್ಲೆಯನ್ನೂ ಹೈದರಾಬಾದ್ ಕರ್ನಾಟಕವೆಂದು ಎಣಿಸಿದರು. ಇತಿಹಾಸದ ಕಣ್ಣಿಂದ ಇದು ವಿಚಿತ್ರ. ಉಳಿದವು 1948ರ ತನಕ ನಿಜಾಮನ ಕೆಳಗಿದ್ದವು. ಬಳ್ಳಾರಿಯಾದರೋ 1800ರಲ್ಲೇ ಅವನ ಕೈ ಬಿಟ್ಟಿತ್ತು, ನೂರೈವತ್ತು ವರ್ಷ ಮದ್ರಾಸಿನಲ್ಲಿತ್ತು. ಹಿಂದುಳಿದಿರುವಿಕೆಯಲ್ಲಿ ಮಾತ್ರ ಭೇದವಿರಲಿಲ್ಲ, ಆದ್ದರಿಂದ ಸೇರಿಸಿದ್ದು ನ್ಯಾಯವೇ.

ಅನ್ಯಾಯವಾದದ್ದು ಹರಪನಹಳ್ಳಿಗೆ. ಆ ಹೊತ್ತಿಗೆ ತಾಲ್ಲೂಕು ದಾವಣಗೆರೆಯಲ್ಲಿತ್ತು. ಸೌಲಭ್ಯದ ಪಟ್ಟಿಯಲ್ಲಿ ಹೆಸರಿದ್ದದ್ದು ಬಳ್ಳಾರಿ ಜಿಲ್ಲೆಯದು. ಪಕ್ಕದ ಹಡಗಲಿಯ ಮಗುವಿಗೆ ಮೆಡಿಕಲ್ ಸೀಟಿನಲ್ಲಿ, ನೌಕರಿಯಲ್ಲಿ ಮೀಸಲು ಸಿಕ್ಕಿತು, ಅದೇ ಬಿಸಿಲು ಅದೇ ಬರದ ಹರಪನಹಳ್ಳಿಯ ಮಗುವಿಗೆ ಸಿಗಲಿಲ್ಲ. ‘ಹರಪನಹಳ್ಳಿ ಹಿಂದೆ ಬಳ್ಳಾರಿ ಜಿಲ್ಲೆಯದಾಗಿತ್ತು’ ಎಂಬ ಒಂದೇ ವಾಕ್ಯವನ್ನು ಹಿಡಿದು ಜನ ಬೀದಿಗಿಳಿದರು, ಬಂದ್ ಮಾಡಿದರು. ಆಗಿನ ಶಾಸಕ ಎಂ.ಪಿ. ರವೀಂದ್ರ ಬೆನ್ನು ಹತ್ತಿದರು. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು, 371(ಜೆ) ಸೌಲಭ್ಯವೂ ಬಂತು. ರವೀಂದ್ರ ಅದೇ ವರ್ಷ ತೀರಿಕೊಂಡರು. ಒಂದು ವಿಶೇಷಣಕ್ಕಾಗಿ ಒಂದು ತಾಲ್ಲೂಕು ಚಳವಳಿ ಮಾಡಿದ್ದು ಕರ್ನಾಟಕದಲ್ಲಿ ಬೇರೆ ಎಲ್ಲಿ ಇದೆಯೋ ನಾ ಕಾಣೆ.

ಎಲ್ಲವೂ ಒಟ್ಟಿಗೆ ‘ಹಿಂದಿನದು’ ಆಗುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹರಪನಹಳ್ಳಿಯ ಕಂದಾಯದ ಕಾಗದ ಹೊಸಪೇಟೆಗೆ ಹೋಗುತ್ತದೆ, ಲೋಕಸಭೆಯ ಮತ ಈಗಲೂ ದಾವಣಗೆರೆ ಕ್ಷೇತ್ರಕ್ಕೆ ಬೀಳುತ್ತದೆ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳು ಜಿಲ್ಲೆಯಿಂದ ಬೇರೆಯಾಗಿಯೂ ಮತಕ್ಕೆ ಬಳ್ಳಾರಿಯವೇ. ಸಂಸದರ ಅನುದಾನ ಕೇಳಲು ಅರ್ಜಿ ಬರೆಯುವವರು ಹರಪನಹಳ್ಳಿಯನ್ನು ‘ಹಿಂದಿನ ದಾವಣಗೆರೆ’ ಎಂದು ಬರೆದರೆ ಅರ್ಜಿ ದಾರಿ ತಪ್ಪುತ್ತದೆ.

ಆದ್ದರಿಂದ ನಾನು ಕೇಳುವುದಿಷ್ಟು. 371(ಜೆ) ಅರ್ಹತಾ ಪತ್ರಕ್ಕೆ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗುವಾಗ, ಹಳೆಯ ಟಿ.ಸಿ. ಮತ್ತು ಹೊಸ ಆಧಾರ್ ಹೊಂದದೆ ಹೋದಾಗ, ‘ಹಿಂದಿನ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಹರಪನಹಳ್ಳಿಯವರು ‘1997ರವರೆಗೆ ಬಳ್ಳಾರಿ, 2018ರವರೆಗೆ ದಾವಣಗೆರೆ, 2021ರವರೆಗೆ ಮತ್ತೆ ಬಳ್ಳಾರಿ, ಈಗ ವಿಜಯನಗರ’ ಎಂದು ಬರೆಯಿರಿ. ಕೊಟ್ಟೂರಿನವರು ‘2018ರ ಪೂರ್ವದಲ್ಲಿ ಕೂಡ್ಲಿಗಿ ತಾಲ್ಲೂಕು’ ಎಂದು ಸೇರಿಸಿ. ಒಂದು ಸಾಲು ಉದ್ದವಾಗುತ್ತದೆ, ಗುಮಾಸ್ತರಿಗೆ ಪ್ರಶ್ನೆ ಉಳಿಯುವುದಿಲ್ಲ.

ಅಧ್ಯಾಪಕರಲ್ಲಿ, ಮನೆಯ ಹಿರಿಯರಲ್ಲಿ ಇನ್ನೊಂದು ವಿನಂತಿ. ಟ್ರಂಕಿನ ತಳದ ಆ ಕರಣಂ ಸಹಿಯ ಪತ್ರಗಳು, ಮಲ್ಲಾಪುರಂ ಹೆಸರಿನ ರಸೀದಿಗಳು, ಮುಳುಗಿದ ಊರಿನ ಪರಿಹಾರದ ಕಾಗದಗಳು ಗೆದ್ದಲು ತಿನ್ನುವ ಮುನ್ನ ಹೊರಗೆ ಬರಲಿ. ಕಾಲೇಜಿನ ಗ್ರಂಥಾಲಯಕ್ಕೆ ತನ್ನಿ, ಹುಡುಗರು ಸ್ಕ್ಯಾನ್ ಮಾಡಿಕೊಳ್ಳುತ್ತಾರೆ, ಮೂಲ ಪತ್ರವನ್ನು ಅಂದೇ ಮನೆಗೆ ಒಯ್ಯಿರಿ.